ಕೋವಿ ಹೆಚ್ಚಾದರೆ ಕೊಲೆ ಹೆಚ್ಚುವುದೇ?

ಕಳೆದ ತಿಂಗಳ ಒಂದು ಭಾನುವಾರ, ಎರಡನೆಯ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ, ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಗುರುನಿವಾಸದ ಜಗಲಿಗೆ ಬಂದು ಕುಳಿತರು. ಅಡಕೆ, ಕಾಳುಮೆಣಸು ಬೆಳೆಯುವ ಕೃಷಿಕರು, ಹೆಚ್ಚು ಮಾತಿನವರಲ್ಲ. ಅವರ ಮಗಳು ಗಂಡ ಮತ್ತು ಇಬ್ಬರು ಮಕ್ಕಳೊಂದಿಗೆ ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿದ್ದಾಳೆ.

“ಫಾದರ್, ಅಳಿಯ ಮನೆಗೊಂದು ಪಿಸ್ತೂಲು ತರುತ್ತಾನಂತೆ. ನೆರೆಮನೆಯವರೆಲ್ಲ ಇಟ್ಟುಕೊಂಡಿದ್ದಾರಂತೆ. ಮಗಳಿಗೆ ಮನಸ್ಸಿಲ್ಲ. ಕೋವಿ ಹೆಚ್ಚಿರುವ ದೇಶದಲ್ಲೇ ಕೊಲೆ ಹೆಚ್ಚು ಎನ್ನುತ್ತಾಳೆ ಅವಳು. ಅಳಿಯ ಸ್ವಿಟ್ಜರ್ಲೆಂಡಿನ ಹೆಸರು ಹೇಳಿ ಅವಳ ಬಾಯಿ ಮುಚ್ಚಿಸುತ್ತಾನೆ. ನೀವು ತರ್ಕಶಾಸ್ತ್ರ ಓದಿದವರು. ಯಾರದ್ದು ಸರಿ?”

ನಾನು ಒಂದು ವಾರದ ಅವಕಾಶ ಕೇಳಿದೆ. ಪ್ರಶ್ನೆ ಒಂದು ಮನೆಯದಲ್ಲ. ಕರಾವಳಿಯ ಎಷ್ಟೋ ಕಥೋಲಿಕ ಕುಟುಂಬಗಳ ಮಕ್ಕಳು ಇಂದು ಆ ದೇಶದಲ್ಲಿದ್ದಾರೆ. 2025ರ ಆಗಸ್ಟ್ 27ರಂದು ಮಿನಿಯಾಪೊಲಿಸ್ ನಗರದ ಅನನ್ಸಿಯೇಶನ್ ದೇವಾಲಯದಲ್ಲಿ ಶಾಲಾ ಮಕ್ಕಳು ವರ್ಷಾರಂಭದ ಬಲಿಪೂಜೆಯಲ್ಲಿ ಕುಳಿತಿದ್ದಾಗ ಹೊರಗಿನಿಂದ ಕಿಟಕಿಗಳ ಮೂಲಕ ಗುಂಡುಗಳು ಹಾರಿಬಂದವು. ಎಂಟು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು ಅಸುನೀಗಿದರು. ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು, ತಾವೇ ಆ ದೇಶದಲ್ಲಿ ಹುಟ್ಟಿ ಬೆಳೆದವರು, ಮುಂದಿನ ಭಾನುವಾರ ದೊಡ್ಡ ಹಾಗೂ ಸಣ್ಣ ಆಯುಧಗಳೆರಡನ್ನೂ ಜಗತ್ತಿಗೆ ತಗುಲಿದ ಸಾಂಕ್ರಾಮಿಕ ರೋಗವೆಂದು ಕರೆದು ಅದು ನಿಲ್ಲಲೆಂದು ಪ್ರಾರ್ಥಿಸಿದರು. ಪ್ರಾರ್ಥನೆಗೆ ನಾವೆಲ್ಲ ಆಮೆನ್ ಎನ್ನಬಹುದು. ಆದರೆ ಮಗಳ ಮಾತು ಸತ್ಯವೋ ಅಲ್ಲವೋ ಎಂಬುದು ಆಮೆನ್‌ನಿಂದ ತೀರ್ಮಾನವಾಗುವ ವಿಷಯವಲ್ಲ; ಲೆಕ್ಕ ನೋಡಬೇಕು, ತರ್ಕ ಹಚ್ಚಬೇಕು.

ಮೊದಲು ಲೆಕ್ಕ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ಸಾಮಾನ್ಯ ನಾಗರಿಕರ ಕೈಯಲ್ಲಿ ಸುಮಾರು 85 ಕೋಟಿ 70 ಲಕ್ಷ ಬಂದೂಕುಗಳಿವೆ. ಅವುಗಳಲ್ಲಿ 39 ಕೋಟಿಗೂ ಹೆಚ್ಚು ಅಮೆರಿಕದಲ್ಲೇ ಇವೆ, ಅಂದರೆ ನೂರು ಮಂದಿಗೆ ನೂರಿಪ್ಪತ್ತು. ಜನರಿಗಿಂತ ಬಂದೂಕುಗಳೇ ಹೆಚ್ಚು. ಆ ದೇಶದಲ್ಲಿ 2021ರಲ್ಲಿ ಸುಮಾರು 26,000 ಮಂದಿ ಕೊಲೆಯಾದರು. ಅವರಲ್ಲಿ ಸುಮಾರು 21,000 ಮಂದಿ ಗುಂಡೇಟಿನಿಂದ ಸತ್ತರು. ಲಕ್ಷ ಜನಸಂಖ್ಯೆಗೆ ಏಳೆಂಟು ಕೊಲೆಗಳೆಂದಾಯಿತು. ಜಪಾನಿನಲ್ಲಿ ನೂರು ಮಂದಿಗೆ ಒಂದು ಬಂದೂಕೂ ಇಲ್ಲ. ಕೊಲೆಯ ಪ್ರಮಾಣ ಲಕ್ಷಕ್ಕೆ ಕಾಲು ಭಾಗದ ಆಸುಪಾಸು. 2022ರ ಜುಲೈಯಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ಕೊಂದವನು ತನ್ನ ಕೈಯಾರೆ ಕೊಳವೆಗಳನ್ನು ಜೋಡಿಸಿ ಕೋವಿ ತಯಾರಿಸಿಕೊಳ್ಳಬೇಕಾಯಿತು.

ಇಷ್ಟಕ್ಕೇ ನಿಂತರೆ ಮಗಳು ಗೆದ್ದಳು. ಆದರೆ ಅಳಿಯನ ಕೈಯಲ್ಲಿಯೂ ಅಂಕಿಗಳಿವೆ. ಫಿನ್ಲೆಂಡಿನಲ್ಲಿ ನೂರು ಮಂದಿಗೆ ಮೂವತ್ತೆರಡು, ಸ್ವಿಟ್ಜರ್ಲೆಂಡಿನಲ್ಲಿ ಇಪ್ಪತ್ತೇಳು ಬಂದೂಕುಗಳಿದ್ದರೂ ಕೊಲೆಗಳು ತೀರಾ ಕಡಿಮೆ. ಸ್ವಿಟ್ಜರ್ಲೆಂಡಿನಲ್ಲಿ ಲಕ್ಷಕ್ಕೆ ಸುಮಾರು ಅರ್ಧ. ಮಧ್ಯ ಅಮೆರಿಕದ ಎಲ್ ಸಾಲ್ವಡೋರಿನಲ್ಲಿ ನೂರು ಮಂದಿಗೆ ಬರೀ ಹನ್ನೆರಡು ಬಂದೂಕುಗಳು. ಆದರೂ 2015ರಲ್ಲಿ ಅಲ್ಲಿ ಲಕ್ಷಕ್ಕೆ ನೂರಕ್ಕೂ ಮೇಲ್ಪಟ್ಟು ಕೊಲೆಗಳಾದವು. ಸಂತ ಆಸ್ಕರ್ ರೊಮೆರೊ ಅವರು 1980ರಲ್ಲಿ ಪೀಠದ ಬಳಿಯಲ್ಲೇ ಒಂದೇ ಗುಂಡಿಗೆ ಬಲಿಯಾದ ನಾಡದು. ಮುಂದೆ ಹನ್ನೆರಡು ವರ್ಷ ಅಂತರ್ಯುದ್ಧ, ಅದರ ಬೆನ್ನಿಗೆ ಲಾಸ್ ಏಂಜಲೀಸಿನಿಂದ ಗಡಿಪಾರಾಗಿ ಬಂದ ಪುಂಡರ ತಂಡಗಳು. 2022ರ ಮಾರ್ಚಿನಲ್ಲಿ ತುರ್ತು ಪರಿಸ್ಥಿತಿ ಸಾರಿ ಹತ್ತಾರು ಸಾವಿರ ಮಂದಿಯನ್ನು ಸೆರೆಮನೆಗೆ ತಳ್ಳಿದ ಮೇಲೆ, ಸರ್ಕಾರದ ಲೆಕ್ಕದಂತೆ, 2023ರಲ್ಲಿ ಆ ಪ್ರಮಾಣ ಲಕ್ಷಕ್ಕೆ ಮೂರಕ್ಕಿಂತಲೂ ಕೆಳಗಿಳಿಯಿತು. (ವಿಚಾರಣೆಯಿಲ್ಲದೆ ಕೊಳೆಯುತ್ತಿರುವವರಲ್ಲಿ ನಿರಪರಾಧಿಗಳೆಷ್ಟು ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಕೇಳದೆ ಆ ಸಾಧನೆಯನ್ನು ಕೊಂಡಾಡಲು ನನಗೆ ಮನಸ್ಸು ಬಾರದು.) ಕೊಲೆಗಳು ಹೆಚ್ಚಿದ್ದಕ್ಕೂ ತಗ್ಗಿದ್ದಕ್ಕೂ ಬಂದೂಕುಗಳ ಸಂಖ್ಯೆ ಮುಖ್ಯ ಕಾರಣವಾಗಿರಲಿಲ್ಲವೆಂಬುದಂತೂ ಸ್ಪಷ್ಟ.

ಅಮೆರಿಕದ ಚರಿತ್ರೆಯಲ್ಲೇ ಇಂಥದೊಂದು ತೊಡಕಿದೆ. 1991ರಲ್ಲಿ ಅಲ್ಲಿ ಲಕ್ಷಕ್ಕೆ 9.8 ಇದ್ದ ಕೊಲೆಯ ಪ್ರಮಾಣ 2000ದಲ್ಲಿ 5.5ಕ್ಕೆ ಇಳಿಯಿತು. ಆ ಅವಧಿಯಲ್ಲಿ ಬಂದೂಕುಗಳೇನೂ ಕಡಿಮೆಯಾಗಲಿಲ್ಲ, ಹೆಚ್ಚಿದವು. 2021ರ ಬಳಿಕವೂ ಕೊಲೆಗಳು ಗಣನೀಯವಾಗಿ ತಗ್ಗಿವೆ, ಬಂದೂಕುಗಳು ತಗ್ಗಿಲ್ಲ.

ಗುರುಮಠದಲ್ಲಿ ನಮಗೆ ಪಾಶ್ಚಾತ್ಯ ತರ್ಕದ ಜೊತೆಗೆ ನ್ಯಾಯದರ್ಶನದ ಮೊದಲ ಪಾಠಗಳನ್ನೂ ಹೇಳಿಕೊಡುತ್ತಿದ್ದರು. ಅಲ್ಲಿ ಬರುವ ಕುಂಬಾರನ ಕತ್ತೆಯನ್ನು ನಾನು ಮರೆತಿಲ್ಲ. ಮಡಕೆಗೆ ಕಾರಣಗಳಾವುವು? ಮಣ್ಣು ಕಾರಣ, ಕುಂಬಾರ ಕಾರಣ, ಚಕ್ರ ಕಾರಣ, ಚಕ್ರ ತಿರುಗಿಸುವ ಕೋಲೂ ಕಾರಣ. ಮಣ್ಣು ಹೊತ್ತು ತಂದ ಕತ್ತೆ? ಮಡಕೆಯಾಗುವ ಮುನ್ನ ಅದೂ ಅಂಗಳದಲ್ಲಿತ್ತು, ನಿಜ. ಆದರೆ ಕತ್ತೆಯಿಲ್ಲದೆ ಗಾಡಿಯಲ್ಲಿ ಮಣ್ಣು ಬಂದಿದ್ದರೂ ಮಡಕೆ ಮಡಕೆಯೇ. ಆದುದರಿಂದ ಕತ್ತೆಯನ್ನು ನೈಯಾಯಿಕರು ಕಾರಣಗಳ ಸಾಲಿನಿಂದ ಹೊರಗಟ್ಟಿದರು, ಅದು ಅನ್ಯಥಾಸಿದ್ಧ. ನಮ್ಮ ಪ್ರಶ್ನೆಯೂ ಹೀಗೆಯೇ: ಕೊಲೆಯ ಅಂಗಳದಲ್ಲಿ ಬಂದೂಕು ಕುಂಬಾರನ ಕೋಲೋ, ಕತ್ತೆಯೋ?

ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಂಬಂಧವಿಲ್ಲ. ಕೆಲವೊಮ್ಮೆ ಸಂಬಂಧವಿದ್ದರೂ ಅದು ತಿರುಗುಮುರುಗಾಗಿರುತ್ತದೆ. ಪೇಟೆಯಲ್ಲಿ ಕೊಡೆಗಳು ಬಿಚ್ಚಿಕೊಂಡ ದಿನವೇ ಮಳೆ ಬರುತ್ತದೆಂದು ಕೊಡೆಯಿಂದ ಮಳೆ ಬಂತೆನ್ನುತ್ತೇವೆಯೇ? ಹಾಗೆಯೇ ಕೊಲೆ ಹೆಚ್ಚಿದ ಊರಿನಲ್ಲಿ ಜನರು ಹೆದರಿ ಬಂದೂಕು ಕೊಂಡಿರಬಹುದು. ಬಂದೂಕಿನ ಪರವಾಗಿ ವಾದಿಸುವ ವಿದ್ವಾಂಸರು ಎತ್ತುವ ಈ ಆಕ್ಷೇಪ ತೂಕದ್ದು.

ಇದಕ್ಕೆ ಪರಿಹಾರವಾಗಿ ತರ್ಕಶಾಸ್ತ್ರ ಅನ್ವಯ-ವ್ಯತಿರೇಕವನ್ನು ಸೂಚಿಸುತ್ತದೆ. ಉಳಿದೆಲ್ಲವೂ ಸಮವಾಗಿರುವಲ್ಲಿ ಅದೊಂದು ಇದ್ದಾಗ ಏನಾಗುತ್ತದೆ, ಇಲ್ಲದಿದ್ದಾಗ ಏನಾಗುತ್ತದೆ ಎಂದು ನೋಡುವುದು. ಎಲ್ ಸಾಲ್ವಡೋರನ್ನೂ ಸ್ವಿಟ್ಜರ್ಲೆಂಡನ್ನೂ ಪಕ್ಕಪಕ್ಕಕ್ಕಿಟ್ಟರೆ ಉಳಿದ ಯಾವುದೂ ಸಮವಾಗಿರುವುದಿಲ್ಲ. ಸಂಪತ್ತು, ಪೊಲೀಸು, ನ್ಯಾಯಾಲಯ, ಯುದ್ಧದ ಗಾಯಗಳು ಎಲ್ಲವೂ ಬೇರೆ. ಅಳಿಯನ ವಾದದ ದೋಷವಿರುವುದು ಇಲ್ಲಿ. ಹಾಗಾದರೆ ಸಮಾನ ದೇಶಗಳನ್ನು ಹೋಲಿಸಿದರೆ? ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಹೆಮೆನ್‌ವೇ ಮತ್ತು ಮ್ಯಾಥ್ಯೂ ಮಿಲ್ಲರ್ ಎಂಬವರು 2000ದಲ್ಲಿ 26 ಶ್ರೀಮಂತ ದೇಶಗಳನ್ನು ಹೀಗೆ ಹೋಲಿಸಿದರು. ಬಂದೂಕು ಸುಲಭವಾಗಿ ಸಿಗುವ ದೇಶಗಳಲ್ಲಿ ಕೊಲೆಯೂ ಹೆಚ್ಚೆಂದು ಕಂಡಿತು. ಬಾಸ್ಟನ್ನಿನ ಮೈಕಲ್ ಸೀಗಲ್ ಮತ್ತು ಸಂಗಡಿಗರು 2013ರಲ್ಲಿ ಅಮೆರಿಕದ 50 ರಾಜ್ಯಗಳ ಮೂವತ್ತು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದರು. ಬಡತನ, ನಗರವಾಸ ಮುಂತಾದವುಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಬಂದೂಕು ಹೊಂದಿದವರ ಪ್ರಮಾಣ ಶೇಕಡಾ ಒಂದು ಅಂಶ ಏರಿದಲ್ಲಿ ಗುಂಡಿನಿಂದಾದ ಕೊಲೆಗಳು ಶೇಕಡಾ 0.9ರಷ್ಟು ಏರಿದ್ದವು. ಬಂದೂಕಿಲ್ಲದೆ ನಡೆದ ಕೊಲೆಗಳಿಗೆ ಆ ಸಂಬಂಧ ಇರಲಿಲ್ಲ. ಇದು ಗಮನಿಸತಕ್ಕ ಮಾತು. ಜನರು ಕ್ರೂರರಾದುದೇ ಕಾರಣವಾಗಿದ್ದರೆ ಕತ್ತಿಯ ಕೊಲೆಗಳೂ ಏರಬೇಕಿತ್ತಲ್ಲ?

ಅಮೆರಿಕನ್ನರು ಹುಟ್ಟಾ ಕ್ರೂರರೆಂಬ ನಂಬಿಕೆಯನ್ನು ಫ್ರಾಂಕ್ಲಿನ್ ಜಿಮ್ರಿಂಗ್ ಮತ್ತು ಗಾರ್ಡನ್ ಹಾಕಿನ್ಸ್ 1997ರ ತಮ್ಮ ಗ್ರಂಥದಲ್ಲಿ ಅಲುಗಾಡಿಸಿದರು. ಕಳವು, ಕನ್ನ, ಹೊಡೆದಾಟಗಳಲ್ಲಿ ಅಮೆರಿಕ ಇತರ ಶ್ರೀಮಂತ ದೇಶಗಳಿಗಿಂತ ಅಷ್ಟೇನೂ ಮುಂದಿಲ್ಲ, ಮುಂದಿರುವುದು ಸಾವಿನಲ್ಲಿ. ಜಗಳ ಎಲ್ಲ ಕಡೆಯೂ ಒಂದೇ, ಜಗಳದ ಕೊನೆ ಮಾತ್ರ ಬೇರೆ.

“ಕೊಲ್ಲುವುದು ಮನುಷ್ಯ, ಬಂದೂಕಲ್ಲ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಕೇಳಲು ಬಲು ತಾತ್ತ್ವಿಕವಾಗಿದೆ. ಆದರೆ ತತ್ತ್ವಶಾಸ್ತ್ರದ ಕಟಕಟೆಯಲ್ಲಿ ಅರ್ಧವೇ ನಿಲ್ಲುತ್ತದೆ. ಶಾಲೆಯಲ್ಲಿ ಕಲಿತ ವ್ಯಾಕರಣ ನೆನಪಿಸಿಕೊಳ್ಳಿ. ಕೊಡಲಿಯಿಂದ ಮರ ಕಡಿದನು ಎಂಬಲ್ಲಿ ಕಡಿದವನು ಕರ್ತೃ, ಕೊಡಲಿ ಕರಣ. ಕರಣವೂ ಕಾರಕವೇ, ಕ್ರಿಯೆಯಲ್ಲಿ ಅದಕ್ಕೂ ಪಾಲುಂಟು. ಸಂತ ತೋಮಸ್ ಅಕ್ವಿನಾಸರೂ ಸಂಸ್ಕಾರಗಳನ್ನು ವಿವರಿಸುವಾಗ ಕೊಡಲಿಯನ್ನೇ ಉದಾಹರಿಸುತ್ತಾರೆ. ಪೀಠೋಪಕರಣ ಮಾಡುವ ಯೋಚನೆ ಬಡಗಿಯದು, ಆದರೆ ಕತ್ತರಿಸುವ ಶಕ್ತಿ ಕೊಡಲಿಗೆ ತನ್ನ ಹರಿತದಿಂದಲೇ ಬಂದದ್ದು. ಉಪಕರಣಕ್ಕೆ ತನ್ನದೇ ಆದ ಒಂದು ವ್ಯಾಪಾರವಿದೆ ಎಂಬುದು ಅವರ ನಿಲುವು. ಪಾಪದ ಹೊಣೆ ಕರ್ತೃವಿನದು. ಅದನ್ನು ಪಿಸ್ತೂಲಿಗೆ ವರ್ಗಾಯಿಸಲಾಗದು. ಆದರೆ ನಾವು ವಿಚಾರಿಸುತ್ತಿರುವುದು ಪಾಪದ ಲೆಕ್ಕವನ್ನಲ್ಲ, ಹೆಣಗಳ ಲೆಕ್ಕವನ್ನು.

ಇದೇ ಜಿಮ್ರಿಂಗ್ 1968ರಷ್ಟು ಹಿಂದೆಯೇ ಷಿಕಾಗೋ ಪೊಲೀಸರ ಕಡತಗಳನ್ನು ಬಿಚ್ಚಿ ನೋಡಿದ್ದರು. ಕೊಲೆಗಳಲ್ಲಿ ಹೆಚ್ಚಿನವು ಸಂಚು ಹೂಡಿ ಮಾಡಿದವಲ್ಲ. ಕುಡಿತ, ಬೈಗುಳ, ಹಳೆಯ ಹಗೆ, ಗಂಡಹೆಂಡಿರ ಕಲಹಗಳಿಂದ ಆದವು. ಚೂರಿಯಿಂದ ಇರಿದ ಪ್ರಕರಣಗಳೂ ಅದೇ ಬಗೆಯವು. ಆದರೆ ಗುಂಡು ಹಾರಿಸಿದ ಹಲ್ಲೆ ಚೂರಿಯ ಹಲ್ಲೆಗಿಂತ ಸುಮಾರು ಐದು ಪಟ್ಟು ಹೆಚ್ಚು ಮಾರಕವಾಗಿತ್ತು. ಬಂದೂಕು ಹಿಡಿದವನ ಮನಸ್ಸೇ ಹೆಚ್ಚು ಕ್ರೂರವಾಗಿದ್ದಿರಬಹುದಲ್ಲ ಎಂಬ ಶಂಕೆಗೆ ಅವರು ನಾಲ್ಕು ವರ್ಷಗಳ ಬಳಿಕ ಉತ್ತರಿಸಿದರು. ಬಂದೂಕು ಬಂದೂಕುಗಳಲ್ಲೇ, ಸಣ್ಣ ಗುಂಡಿನದ್ದಕ್ಕಿಂತ ದೊಡ್ಡ ಗುಂಡಿನದ್ದು ಹೆಚ್ಚು ಮಂದಿಯನ್ನು ಕೊಂದಿತ್ತು. ಕೋಪದ ಭರದಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವವನು ಗುಂಡಿನ ದಪ್ಪ ಅಳೆದು ಎತ್ತಿಕೊಳ್ಳುವುದಿಲ್ಲ.

2012ರ ಡಿಸೆಂಬರ್ 14ರಂದು ಇದಕ್ಕೆ ಒಂದು ಘೋರ ನಿದರ್ಶನ ದೊರೆಯಿತು. ಅಂದು ಚೀನಾದ ಹೆನಾನ್ ಪ್ರಾಂತದ ಹಳ್ಳಿಯೊಂದರ ಶಾಲೆಗೆ ನುಗ್ಗಿದವನೊಬ್ಬ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಚೂರಿಯಿಂದ ಇರಿದ. ಅದೇ ದಿನ ಅಮೆರಿಕದ ನ್ಯೂಟೌನ್ ಎಂಬ ಊರಿನ ಶಾಲೆಗೆ ಇನ್ನೊಬ್ಬ ಬಂದೂಕಿನೊಂದಿಗೆ ನುಗ್ಗಿದ. ನ್ಯೂಟೌನಿನಲ್ಲಿ ಇಪ್ಪತ್ತು ಮಕ್ಕಳೂ ಆರು ಮಂದಿ ಹಿರಿಯರೂ ಸತ್ತರು. ಹೆನಾನಿನಲ್ಲಿ ಒಂದು ಮಗುವೂ ಸಾಯಲಿಲ್ಲ.

ಇನ್ನು ಅಳಿಯನ ಸ್ವಿಟ್ಜರ್ಲೆಂಡಿಗೆ ಬರೋಣ. ಆ ದೇಶದಲ್ಲಿ ಯುವಕರಿಗೆ ಸೈನಿಕ ಸೇವೆ ಕಡ್ಡಾಯ. ಸೇವೆಯ ವರ್ಷಗಳಲ್ಲಿ ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳುವ ಪದ್ಧತಿಯಿದೆ. ಆದರೆ ಅದರ ಜೊತೆಗೆ ಮನೆಗೆ ಕೊಡುತ್ತಿದ್ದ ತೋಟೆಗಳ ಪೊಟ್ಟಣವನ್ನು 2007ರಿಂದ ನಿಲ್ಲಿಸಲಾಯಿತೆಂಬುದನ್ನು ಅಳಿಯ ಹೇಳಿರಲಾರ. ಸೇವೆ ಮುಗಿದ ಮೇಲೆ ಬಂದೂಕು ಉಳಿಸಿಕೊಳ್ಳಲು ಪರವಾನಿಗೆ ಬೇಕು. ತರಬೇತಿ, ಶಿಸ್ತು, ದಾಖಲೆ ಎಲ್ಲವೂ ಇವೆ. ಇಷ್ಟಿದ್ದೂ 2001ರ ಸೆಪ್ಟೆಂಬರಿನಲ್ಲಿ ತ್ಸುಗ್ ಎಂಬಲ್ಲಿನ ಶಾಸನಸಭೆಗೆ ನುಗ್ಗಿದವನೊಬ್ಬ ಹದಿನಾಲ್ಕು ಮಂದಿಯನ್ನು ಕೊಂದ. ಸೈನ್ಯದ ಗಾತ್ರವನ್ನು 2003-04ರಲ್ಲಿ ಅರ್ಧಕ್ಕಿಳಿಸಿದಾಗ ಲಕ್ಷಾಂತರ ಬಂದೂಕುಗಳು ಮನೆಗಳಿಂದ ಹೊರಟುಹೋದವು. ಆ ವಯೋಮಾನದ ಗಂಡಸರ ಆತ್ಮಹತ್ಯೆಗಳೂ ತಗ್ಗಿದುವೆಂದು ಅಲ್ಲಿನ ವೈದ್ಯರ ಅಧ್ಯಯನ 2013ರಲ್ಲಿ ತೋರಿಸಿತು.

ಸ್ವಿಸ್ ಶಿಸ್ತಿನ ಮಾತು ಬಂದಾಗ ವ್ಯಾಟಿಕನ್ನಿನ ಒಂದು ನೋವಿನ ನೆನಪೂ ಬರುತ್ತದೆ. ಜಗದ್ಗುರುಗಳ ಸ್ವಿಸ್ ಕಾವಲುಪಡೆಗಿಂತ ಹೆಚ್ಚು ಶೋಧಿಸಿ ಆರಿಸಿದ ಯುವಕರು ಸಿಗುವುದು ಕಷ್ಟ. ಅಂಥ ಪಡೆಯಲ್ಲಿಯೇ 1998ರ ಮೇ 4ರಂದು ಒಬ್ಬ ಕಿರಿಯ ಅಧಿಕಾರಿ, ತನಗೆ ಗೌರವ ದೊರೆಯಲಿಲ್ಲವೆಂಬ ಸಿಟ್ಟಿನಲ್ಲಿ, ಸೇವೆಯ ಪಿಸ್ತೂಲಿನಿಂದ ದಳಪತಿ ಅಲೋಯಿಸ್ ಎಸ್ಟರ್‌ಮನ್ ಅವರನ್ನೂ ಅವರ ಪತ್ನಿಯನ್ನೂ ಕೊಂದು ತಾನೂ ಪ್ರಾಣಬಿಟ್ಟ. ಸಾವಿರ ಜನರೂ ಇಲ್ಲದ ಆ ನಗರರಾಜ್ಯದಲ್ಲಿ ಎರಡು ಕೊಲೆಗಳೆಂದರೆ ಲಕ್ಷಕ್ಕೆ ಇನ್ನೂರಕ್ಕೂ ಮೇಲಾಯಿತು. ಅಂಕಿಯನ್ನಷ್ಟೇ ನಂಬುವವನು ಆ ವರ್ಷ ವ್ಯಾಟಿಕನ್ ಜಗತ್ತಿನಲ್ಲೇ ಅತ್ಯಂತ ಅಪಾಯದ ದೇಶವೆಂದು ಬರೆದುಬಿಡಬಹುದಿತ್ತು! ಅಂಕಿಗಳನ್ನು ಓದುವಾಗ ಹೀಗೂ ಎಚ್ಚರ ಬೇಕು.

ನಮ್ಮ ರಾಜ್ಯದಲ್ಲಿಯೇ ಒಂದು ಪುಟ್ಟ ಸ್ವಿಟ್ಜರ್ಲೆಂಡ್ ಇದೆಯಲ್ಲವೇ? ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಿಗೆಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಪ್ರಶ್ನಿಸಿದ ಅರ್ಜಿಯನ್ನು ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ, ಗಂಡುಮಗು ಹುಟ್ಟಿದರೆ ಒಂದು ಈಡು ಹಾರಿಸುತ್ತಾರೆ. ಕೊಡಗನ್ನು ಕೊಲೆಗಳ ನಾಡೆಂದು ಯಾರೂ ಕರೆಯುವುದಿಲ್ಲ. ಅಲ್ಲಿ ಕೋವಿಯ ಸುತ್ತ ಒಕ್ಕದ ಹಿರಿಯರ ಕಣ್ಣು, ಕುಲದ ಮರ್ಯಾದೆ, ಸೈನ್ಯದ ಸಂಪ್ರದಾಯ ಎಲ್ಲವೂ ಬೇಲಿಯಾಗಿ ನಿಂತಿವೆ. ಅಂಗಡಿಗೆ ಹೋಗಿ ಪಿಸ್ತೂಲು ಕೊಂಡು ದಿಂಬಿನಡಿ ಇಟ್ಟುಕೊಳ್ಳುವುದಕ್ಕೂ ಇದಕ್ಕೂ ಹೋಲಿಕೆ ಸಲ್ಲದು. ಭಾರತದಲ್ಲಿ ಒಟ್ಟಾರೆ ಏಳು ಕೋಟಿಗೂ ಹೆಚ್ಚು ಬಂದೂಕುಗಳಿವೆಯೆಂದು ಜಿನೀವಾದ ಸಂಸ್ಥೆಯ ಅಂದಾಜು. ಪರವಾನಿಗೆ ಇರುವವು ಅವುಗಳಲ್ಲಿ ಅತಿ ಸಣ್ಣ ಭಾಗ. ನಮ್ಮಲ್ಲಿ ಗುಂಡಿನಿಂದಾಗುವ ಕೊಲೆಗಳಲ್ಲಿ ಬಹುಪಾಲು ನಡೆಯುವುದು ಪರವಾನಿಗೆಯಿಲ್ಲದ ನಾಡಪಿಸ್ತೂಲುಗಳಿಂದ.

ಕಾನೂನು ಬದಲಾದಾಗ ಏನಾಗುತ್ತದೆಂಬುದನ್ನೂ ನೋಡಬೇಕು. 1996ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ಪೋರ್ಟ್ ಆರ್ಥರ್ ಎಂಬಲ್ಲಿ 35 ಮಂದಿ ಗುಂಡಿಗೆ ಬಲಿಯಾದ ಮೇಲೆ ಆ ಸರ್ಕಾರ ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಹಣ ಕೊಟ್ಟು ಮರಳಿ ಪಡೆದು ನಾಶಮಾಡಿತು. ಗುಂಡಿನ ಸಾವುಗಳು ಇಳಿದವು. ಮೊದಲೇ ಇಳಿಯುತ್ತಿದ್ದುದರಿಂದ ಕಾನೂನಿನ ಪಾಲೆಷ್ಟೆಂದು ವಿದ್ವಾಂಸರು ಇಂದಿಗೂ ಜಗಳಾಡುತ್ತಾರೆ. ಸಾಮೂಹಿಕ ಹತ್ಯೆಗಳು ವಿರಳವಾದವು, ನಿಂತುಹೋಗಲಿಲ್ಲ. 2025ರ ಡಿಸೆಂಬರಿನಲ್ಲಿ ಬೊಂಡೈ ಕಡಲತೀರದಲ್ಲಿ ಯೆಹೂದ್ಯರ ಹಬ್ಬದ ಕೂಟದ ಮೇಲೆ ನಡೆದ ದಾಳಿಯಲ್ಲಿ 15 ಮಂದಿ ಸತ್ತರು. ಅಮೆರಿಕದ ಮಿಸೌರಿ ರಾಜ್ಯ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಪಿಸ್ತೂಲು ಕೊಳ್ಳುವ ಮುನ್ನ ಪರವಾನಿಗೆ ಪಡೆಯಬೇಕೆಂಬ ಹಳೆಯ ಕಾನೂನನ್ನು ಅದು 2007ರಲ್ಲಿ ಕಿತ್ತುಹಾಕಿತು. ಆ ಬಳಿಕ ಗುಂಡಿನಿಂದಾದ ಕೊಲೆಗಳು ಹೆಚ್ಚುಕಡಿಮೆ ಕಾಲುಭಾಗದಷ್ಟು ಏರಿದುವೆಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಬಂದೂಕು ಹೆಚ್ಚಿದಷ್ಟೂ ಅಪರಾಧ ತಗ್ಗುತ್ತದೆಂದು 1998ರಲ್ಲಿ ಜಾನ್ ಲಾಟ್ ಎಂಬ ಅರ್ಥಶಾಸ್ತ್ರಜ್ಞರು ಗ್ರಂಥವನ್ನೇ ಬರೆದಿದ್ದರು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2004ರಲ್ಲಿ ಪರಿಶೀಲಿಸಿ, ಆ ತೀರ್ಮಾನಕ್ಕೆ ಸಾಕಷ್ಟು ಆಧಾರವಿಲ್ಲವೆಂದಿತು. ವಿರುದ್ಧ ತೀರ್ಮಾನಕ್ಕೂ ಅಂದು ಆಧಾರ ಸಾಲದೆಂದು ಅದೇ ಮಂಡಳಿ ಹೇಳಿತೆಂಬುದನ್ನೂ ಮುಚ್ಚಿಡಬಾರದು.

ಈ ಚರ್ಚೆಯಲ್ಲಿ ಎಲ್ಲರೂ ಕೊಲೆಯನ್ನೇ ಎಣಿಸುತ್ತಾರೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಮಂದಿಯಲ್ಲಿ 26,328 ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು. ಸಾಯಬೇಕೆಂದು ನಿಶ್ಚಯಿಸಿದವನು ಹೇಗಾದರೂ ಸಾಯುತ್ತಾನೆಂಬ ಮಾತನ್ನು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ನೆರೆಯ ಶ್ರೀಲಂಕಾ ಆ ನಂಬಿಕೆಯನ್ನು ತಿದ್ದಿತು. ಅತಿ ವಿಷಕಾರಿ ಕೀಟನಾಶಕಗಳನ್ನು ಅದು 1995ರಲ್ಲಿಯೂ 1998ರಲ್ಲಿಯೂ ನಿಷೇಧಿಸಿತು. ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಳಿಯಿತು. ದುಃಖ ಅರ್ಧಕ್ಕಿಳಿದಿರಲಿಲ್ಲ. ಆ ಒಂದು ಗಳಿಗೆಯಲ್ಲಿ ಕೈಗೆ ಸಿಗುವ ವಸ್ತು ಬದಲಾಗಿತ್ತು, ಆ ಗಳಿಗೆ ದಾಟಿದವರು ಬದುಕಿದರು.

ಹಿರಿಯರು ಮುಂದಿನ ಭಾನುವಾರ ಬಂದರು. ನಾನು ಅವರಿಗೆ ಹೇಳಿದ್ದು ಇಷ್ಟು. ಜಗತ್ತಿನ ಎಲ್ಲ ದೇಶಗಳನ್ನು ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗಳ ಮಾತು ನಿಲ್ಲುವುದಿಲ್ಲ. ಬಡತನ, ಯುದ್ಧ, ಹಾದಿ ತಪ್ಪಿದ ಆಡಳಿತ ಇವೇ ಅಲ್ಲಿ ದೊಡ್ಡ ಕಾರಣಗಳು. ಒಂದೇ ಬಗೆಯ ದೇಶಗಳನ್ನೋ ಒಂದೇ ದೇಶದ ರಾಜ್ಯಗಳನ್ನೋ ಹೋಲಿಸಿದರೆ ಅವಳ ಮಾತೇ ಸರಿಯೆಂದು ಹೆಚ್ಚಿನ ಸಾಕ್ಷ್ಯ ಹೇಳುತ್ತದೆ. ಬಂದೂಕು ಜಗಳವನ್ನು ಹುಟ್ಟಿಸುವುದಿಲ್ಲ, ಜಗಳವನ್ನು ಸಾವಿಗೆ ಮುಟ್ಟಿಸುತ್ತದೆ. ಅದು ಕತ್ತೆಯಲ್ಲ, ಕೋಲು.

“ಅದೆಲ್ಲ ದೇಶದ ಮಾತಾಯಿತು. ನನ್ನ ಮಗಳ ಮನೆಯ ಮಾತು ಹೇಳಿ” ಎಂದರು.

ಅದಕ್ಕೂ ಒಂದು ಉತ್ತರವಿತ್ತು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಲಿಫೋರ್ನಿಯದ ಒಂದೂಮುಕ್ಕಾಲು ಕೋಟಿ ವಯಸ್ಕರ ದಾಖಲೆಗಳನ್ನು ಹನ್ನೆರಡು ವರ್ಷ ಹಿಂಬಾಲಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಗಮನಿಸಿದ್ದು ಪಿಸ್ತೂಲು ಕೊಂಡವರನ್ನಲ್ಲ, ಕೊಂಡವರೊಂದಿಗೆ ಒಂದೇ ಸೂರಿನಡಿ ವಾಸಿಸುವವರನ್ನು. ಪಿಸ್ತೂಲಿಲ್ಲದ ಮನೆಗಳವರಿಗಿಂತ ಇವರು ಕೊಲೆಗೀಡಾಗುವ ಪ್ರಮಾಣ ಎರಡು ಪಟ್ಟಿಗೂ ಹೆಚ್ಚಿತ್ತು. ಮನೆಯೊಳಗೆ ಸಂಗಾತಿಯ ಗುಂಡಿಗೆ ಬಲಿಯಾಗುವುದು ಏಳು ಪಟ್ಟು. ಹಾಗೆ ಸತ್ತವರಲ್ಲಿ ಹೆಚ್ಚಿನವರು ಹೆಂಗಸರು. ಹೊರಗಿನ ಕಳ್ಳನಿಂದ ರಕ್ಷಣೆ ದೊರೆತದ್ದಕ್ಕೆ ಗುರುತು ಕಾಣಲಿಲ್ಲ. ಪ್ರತಿಯೊಂದು ಮನೆಗೂ ಈ ಸರಾಸರಿ ಅನ್ವಯಿಸಬೇಕೆಂದಿಲ್ಲ, ನಿಮ್ಮ ಅಳಿಯ ಸಾತ್ವಿಕನೆಂದು ನಾನೂ ಬಲ್ಲೆ ಎಂದು ಸೇರಿಸಿದೆ.

ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಆ ಮೇಲೆ, “ನಾನೂ ಕೋವಿ ಇಟ್ಟವನೇ ಅಲ್ವಾ ಫಾದರ್” ಎಂದರು. ಹಂದಿ, ಮಂಗಗಳ ಕಾಟಕ್ಕೆಂದು ಬೆಳೆರಕ್ಷಣೆಯ ಪರವಾನಿಗೆಯ ಒಂಟಿನಳಿಗೆಯ ಕೋವಿ. ಪ್ರತಿ ಚುನಾವಣೆಗೂ ಠಾಣೆಯಲ್ಲಿ ಇಟ್ಟುಬರಬೇಕು, ಆ ತಿಂಗಳು ಹಂದಿಗಳಿಗೆ ಹಬ್ಬವೆಂದು ದೂರುತ್ತಿರುತ್ತಾರೆ. ಮದುವೆಯಾದ ವರ್ಷ ಹೆಂಡತಿ ಒಂದು ಮಾತು ಹೇಳಿದ್ದಳಂತೆ, ಕೋವಿ ನಿಮ್ಮ ಕೋಣೆಯಲ್ಲಿರಲಿ, ತೋಟೆಗಳ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲಿರಲಿ ಎಂದು. ನಲವತ್ತು ವರ್ಷಗಳಿಂದ ಹಾಗೆಯೇ ಇದೆಯಂತೆ.

“ಇವತ್ತು ರಾತ್ರಿ ಅವಳೇ ಅಳಿಯನ ಹತ್ತಿರ ಮಾತಾಡಲಿ” ಎಂದು ಹೇಳಿ, ನಾನು ಚೀಟಿಯಲ್ಲಿ ಬರೆದುಕೊಟ್ಟ ಅಂಕಿಗಳನ್ನು ಜೇಬಿಗೆ ಹಾಕಿಕೊಂಡು ಹೊರಟರು. ಅಳಿಯ ಏನೆಂದನೋ ಇನ್ನೂ ತಿಳಿದುಬಂದಿಲ್ಲ.